ಮುಗಿಯುವ ಹೊತ್ತನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೆ,

ಯುಗಾದಿ ಕಳೆಯಿತೆಂದರೆ ಪತ್ರಿಕೆಯ ಬೆಂಗಳೂರು ಪುಟದಲ್ಲಿ ದಿನದ ಕಾರ್ಯಕ್ರಮಗಳ ಪಟ್ಟಿ ಉದ್ದವಾಗುತ್ತದೆ. ರಾಮೋತ್ಸವದ ಕಛೇರಿ, ಉಪನ್ಯಾಸ, ಮಕ್ಕಳ ಬೇಸಿಗೆ ಶಿಬಿರ, ಮೇ ಬಂದರೆ ಮಾವಿನ ಮೇಳ. ಸ್ಥಳ ಇರುತ್ತದೆ, ಶುರುವಾಗುವ ಗಂಟೆ ಇರುತ್ತದೆ. ನಡೆದು ಹೋಗುವವರಿಗೆ ಬೇಕಾದ ಮೂರು ವಿಷಯ ಮಾತ್ರ ಇರುವುದಿಲ್ಲ. ಎಷ್ಟು ಹೊತ್ತಿಗೆ ಮುಗಿಯುತ್ತದೆ, ಹತ್ತಿರದ ಮೆಟ್ರೊ ನಿಲ್ದಾಣ ಅಥವಾ ಬಸ್ ಸ್ಟಾಪ್ ಯಾವುದು, ಯಾವ ಗೇಟು ತೆರೆದಿರುತ್ತದೆ. ವಾಪಸು ಬರುವ ಬಗೆ ಗೊತ್ತಿಲ್ಲದ ಮನೆಯವರು ಎರಡು ಕಿಲೋಮೀಟರ್ ದಾರಿಗೂ ಕಾರು ತೆಗೆಯುತ್ತಾರೆ, ಇಲ್ಲವೇ ಅಜ್ಜಿ ತಾತಂದಿರನ್ನು ಮನೆಯಲ್ಲೇ ಬಿಟ್ಟು ಹೊರಡುತ್ತಾರೆ. ಈ ಮೂರು ವಿವರಗಳನ್ನು ಪಟ್ಟಿಗೆ ಸೇರಿಸಿ ಎಂದು ಕೇಳುವುದಕ್ಕೇ ಈ ಪತ್ರ. ಚಾಮರಾಜಪೇಟೆ, ಬಸವನಗುಡಿ, ಲಾಲ್‌ಬಾಗ್ ಸುತ್ತಿನ ಬೇಸಿಗೆಯನ್ನು ಕಾಲ್ನಡಿಗೆಯಲ್ಲಿ ಸವಿಯುವುದು ಹೇಗೆ ಎಂಬುದನ್ನೂ ಓದುಗರಿಗೆ ಹೇಳಬೇಕೆನಿಸಿದೆ.

ಈ ಬಡಾವಣೆಗಳು ನಡೆಯುವವರಿಗೆಂದೇ ಆದವು. ಚಾಮರಾಜಪೇಟೆ 1892ರದ್ದು. ಬಸವನಗುಡಿ ಮತ್ತು ಮಲ್ಲೇಶ್ವರ 1898ರ ಪ್ಲೇಗಿನ ನಂತರ ಗಾಳಿ ಬೆಳಕಿಗೆಂದು ಬೆಳೆದವು. ಕಾರಿನ ಕಾಲಕ್ಕೆ ಮುಂಚಿನ ಯೋಜನೆಯಾದ್ದರಿಂದ ರಸ್ತೆಗಳು ನೇರ, ಅಡ್ಡರಸ್ತೆಗಳು ಹತ್ತಿರ ಹತ್ತಿರ. ಒಂದು ದಾರಿ ಕಟ್ಟಿದರೆ ಪಕ್ಕದ್ದು ಹಿಡಿಯಬಹುದು. ಕೋಟೆ ಹೈಸ್ಕೂಲು ಮೈದಾನದಿಂದ ದೊಡ್ಡ ಬಸವಣ್ಣನ ಗುಡಿಗೆ ಎರಡು ಕಿಲೋಮೀಟರ್ ಚಿಲ್ಲರೆ. ನಡುವೆ ಗಾಯನ ಸಮಾಜ, ಕೃಷ್ಣರಾವ್ ಪಾರ್ಕು, ಗಾಂಧಿ ಬಜಾರು ಸಿಗುತ್ತವೆ. ಪೂರ್ವಕ್ಕೆ ತಿರುಗಿದರೆ ಲಾಲ್‌ಬಾಗಿನ ಪಶ್ಚಿಮ ಗೇಟು. ಮೆಟ್ರೊದ ಹಸಿರು ಮಾರ್ಗದ ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ನಿಲ್ದಾಣಗಳು ಇದರ ಅಂಚಿನಲ್ಲೇ ಇವೆ. ಒಬ್ಬರೇ ಹೊರಟರೆ ಕಿಲೋಮೀಟರಿಗೆ ಹನ್ನೆರಡರಿಂದ ಹದಿನೈದು ನಿಮಿಷ. ಮಗು ಅಥವಾ ವಯಸ್ಸಾದವರು ಜೊತೆಗಿದ್ದರೆ ಇಪ್ಪತ್ತು ನಿಮಿಷ ಹಿಡಿಯುವುದು ಲೇಸು.

ಬೇಸಿಗೆಯ ದೊಡ್ಡ ಸಂಭ್ರಮ ರಾಮೋತ್ಸವದ್ದು. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಕಟ್ಟಿದ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ವಾರಗಟ್ಟಲೆ ನಡೆಯುತ್ತ ಬಂದಿದೆ. ಅದರ ಜೊತೆಗೆ ಬಡಾವಣೆಗೊಂದರಂತೆ ಸಣ್ಣ ರಾಮೋತ್ಸವಗಳಿವೆ. ತಾರೀಕನ್ನು ಕಳೆದ ವರ್ಷದ ನೆನಪಿನಲ್ಲಿ ಲೆಕ್ಕ ಹಾಕಿದರೆ ತಪ್ಪುತ್ತದೆ. ರಾಮನವಮಿ 2023ರಲ್ಲಿ ಮಾರ್ಚ್ 30, ಮರುವರ್ಷ ಏಪ್ರಿಲ್ 17, 2025ರಲ್ಲಿ ಏಪ್ರಿಲ್ 6. ಚಾಂದ್ರಮಾನದ ವರ್ಷ ಹನ್ನೊಂದು ದಿನ ಚಿಕ್ಕದು, ಹಾಗಾಗಿ ಹಬ್ಬ ವರ್ಷವರ್ಷ ಅಷ್ಟು ಹಿಂದಕ್ಕೆ ಸರಿಯುತ್ತದೆ. ಅಧಿಕ ಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಹಾರುತ್ತದೆ. ಮಾರ್ಚ್ ಕೊನೆಗೆ ಬಿದ್ದರೆ ಮಕ್ಕಳ ಪರೀಕ್ಷೆ ಅಡ್ಡ ಬರುತ್ತದೆ. ಏಪ್ರಿಲ್ ನಡುವಿಗೆ ಬಿದ್ದರೆ ಮಳೆ. ಮನೆಯ ಕ್ಯಾಲೆಂಡರಿನಲ್ಲಿ ಚೈತ್ರ ಶುದ್ಧ ನವಮಿಗೂ ಹುಣ್ಣಿಮೆಗೂ ಮೊದಲೇ ಒಂದು ಗುರುತು ಹಾಕಿಟ್ಟರೆ ಒಳ್ಳೆಯದು.

ಸಂಜೆಯ ಕಛೇರಿ ಸಾಮಾನ್ಯವಾಗಿ ಆರೂವರೆ ಆಸುಪಾಸಿಗೆ ಶುರುವಾಗಿ ಎರಡೂವರೆ ಮೂರು ಗಂಟೆ ನಡೆಯುತ್ತದೆ. ಮೊದಲು ವರ್ಣ, ಆಮೇಲೆ ಎರಡು ಮೂರು ಕೃತಿ, ಅನಂತರ ದೊಡ್ಡ ರಾಗ ಅಥವಾ ಪಲ್ಲವಿ, ಅದರ ತುದಿಗೆ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ. ಕೊನೆಯಲ್ಲಿ ದೇವರನಾಮಗಳು. ತನಿ ಶುರುವಾಯಿತೆಂದರೆ ಏಳುವವರು ಬಹಳ. ಮೃದಂಗದವರ ಎದುರಿಗೇ ಕುರ್ಚಿ ಎಳೆಯುವ ಸದ್ದು ಅವರಿಗೂ ಕೇಳುವವರಿಗೂ ಹಿಂಸೆ. ಬೇಗ ಹೋಗಬೇಕಾದವರು ಎರಡು ಕೃತಿಗಳ ನಡುವೆ ಏಳಲಿ. ಮೊದಲೇ ಪಕ್ಕದ ಸಾಲಿನ ಅಂಚಿನಲ್ಲಿ ಕೂತಿರಲಿ. ಚಪ್ಪರದಲ್ಲಿ ಮುಂದಿನ ಸಾಲೇ ಉತ್ತಮ ಎಂಬುದು ತಪ್ಪು ಎಣಿಕೆ. ಧ್ವನಿವರ್ಧಕದ ಪೆಟ್ಟಿಗೆಗಳ ಎದುರು ಕೂತರೆ ತಾಳವಾದ್ಯದ ಹೊಡೆತವೇ ಮುಂದಾಗಿ ಪಿಟೀಲು ಹಿಂದೆ ಉಳಿಯುತ್ತದೆ. ನಡುಭಾಗದ ಸಾಲುಗಳಲ್ಲಿ, ಎರಡೂ ಪೆಟ್ಟಿಗೆಗಳಿಂದ ಸಮದೂರದಲ್ಲಿ ಕೂತರೆ ಎಲ್ಲವೂ ಹದವಾಗಿ ಕೇಳುತ್ತದೆ. ತಗಡಿನ ಮಾಡಿದ್ದರೆ ಮಧ್ಯಾಹ್ನದ ಕಾವು ಏಳೂವರೆವರೆಗೂ ಇಳಿಯುವುದಿಲ್ಲ. ಬೀಸಣಿಗೆ ಒಂದು ಜೊತೆಗಿರಲಿ. ಅದೇ ತಗಡಿನ ಮೇಲೆ ಮಳೆ ಬಿದ್ದರೆ ಹಾಡುಗಾರರ ಸ್ವರ ಅವರಿಗೇ ಕೇಳಿಸದು, ಕಛೇರಿ ಸ್ವಲ್ಪ ಹೊತ್ತು ನಿಲ್ಲುವುದು ಸಹಜ. ಸುಮ್ಮನೆ ಕಾದರೆ ಸಾಕು. ಏಪ್ರಿಲ್ ಮಳೆ ಬಹುಪಾಲು ಒಂದು ಗಂಟೆಯೊಳಗೆ ಬಿಟ್ಟುಕೊಡುತ್ತದೆ.

ಮುಗಿಯುವ ಹೊತ್ತು ಮೊದಲೇ ಹೇಳಲು ಬಾರದು ಎಂಬ ಮಾತನ್ನು ಒಪ್ಪುವುದು ಕಷ್ಟ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಿಶೇಷ ವಿನಾಯಿತಿ ಇಲ್ಲದೆ ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಚಪ್ಪರದ ಕಛೇರಿಗೆ ಆ ಗೆರೆ ಇದ್ದೇ ಇದೆ. ಮೆಟ್ರೊದ ಕೊನೆಯ ರೈಲು ಸಾಮಾನ್ಯವಾಗಿ ರಾತ್ರಿ 11ರ ಸುಮಾರಿಗೆ. ಒಂಬತ್ತೂವರೆಗೆ ಮುಗಿಯುವುದು ಖಚಿತವೆಂದರೆ ದೂರದ ಯಲಚೇನಹಳ್ಳಿಯವರೂ ನಿಶ್ಚಿಂತೆಯಿಂದ ಬಂದು ಹೋಗಬಹುದು. ‘ಒಂಬತ್ತೋ ಹತ್ತೋ’ ಎಂದರೆ ಅವರು ಬರುವುದಿಲ್ಲ, ಬಂದರೂ ಕಾರಿನಲ್ಲೇ ಬರುತ್ತಾರೆ.

ರಾಮನವಮಿಯ ಪಾನಕ, ಮಜ್ಜಿಗೆ, ಕೋಸಂಬರಿಯ ಬಗ್ಗೆ ಒಂದಿಷ್ಟು ವಿವರವಾಗಿ ಹೇಳಬೇಕು. ರಸ್ತೆ ಬದಿಯ ಈ ಮೇಜುಗಳೇ ನಡೆಯುವವರ ಅರವಟ್ಟಿಗೆ. ಹೊಸದಾಗಿ ಮೇಜು ಹಾಕುವ ಹುಡುಗರು ಅಳತೆ ಕೇಳುತ್ತಿರುತ್ತಾರೆ. ನೂರು ಜನಕ್ಕೆ ತಲಾ 150 ಮಿಲಿಲೀಟರ್ ಎಂದರೆ ಹದಿನೈದು ಲೀಟರ್ ಪಾನಕ. ಅದಕ್ಕೆ ಎರಡೂವರೆ ಕಿಲೋ ಬೆಲ್ಲ, ಕಾಳುಮೆಣಸು ಮತ್ತು ಒಣಶುಂಠಿ ಹದಿನೈದು ಹದಿನೈದು ಗ್ರಾಂ, ಏಲಕ್ಕಿ ಹತ್ತು ಗ್ರಾಂ, ಹನ್ನೆರಡು ನಿಂಬೆಹಣ್ಣು, ಒಂದು ಚಿಟಿಕೆ ಉಪ್ಪು. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ತೆಳು ಬಟ್ಟೆಯಲ್ಲಿ ಸೋಸಲೇಬೇಕು. ಸೋಸದಿದ್ದರೆ ತಳದ ಲೋಟಗಳಿಗೆಲ್ಲ ಮರಳು ಬರುತ್ತದೆ. ಮೆಣಸಿನ ಪುಡಿಯನ್ನು ನೇರ ನೀರಿಗೆ ಹಾಕಿದರೆ ಮೇಲೆ ತೇಲಿ ಮೊದಲ ಹತ್ತು ಲೋಟಕ್ಕೆ ಖಾರವೆಲ್ಲ ಹೋಗುತ್ತದೆ. ಆದ್ದರಿಂದ ಗಟ್ಟಿ ಬೆಲ್ಲದ ನೀರಿನಲ್ಲೇ ಕಲೆಸಿ ಆಮೇಲೆ ತೆಳು ಮಾಡಬೇಕು. ನಿಂಬೆರಸ ಕೊನೆಗೆ, ಹಂಚುವುದಕ್ಕೆ ಸ್ವಲ್ಪ ಮುಂಚೆ.

ಮಜ್ಜಿಗೆಗೆ ನಾಲ್ಕು ಲೀಟರ್ ಮೊಸರು, ಅದರ ಮೂರರಷ್ಟು ನೀರು. ಬೆಳಿಗ್ಗೆಯೇ ಕಡೆದು ಬಿಸಿಲಿಗಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹುಳಿ ಏರುತ್ತದೆ. ನಾಲ್ಕು ಕಂತಿನಲ್ಲಿ ಕಡೆಯುವುದೇ ಸರಿ. ತಣ್ಣಗಾಗಲೆಂದು ಮಾರುಕಟ್ಟೆಯ ಮಂಜುಗಡ್ಡೆ ಒಡೆದು ಹಾಕುವುದು ಬೇಡ. ಅದನ್ನು ಕುಡಿಯುವ ನೀರಿನಿಂದಲೇ ಮಾಡಿದ್ದೆಂಬ ಖಾತರಿ ಇಲ್ಲ. ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ. ಗಡಿಗೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗುತ್ತ ಒಳಗಿನದನ್ನು ತಣಿಸುತ್ತದೆ. ಒಣ ಹವೆಯ ಏಪ್ರಿಲ್‌ನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆ ಬಂದು ಹವೆ ತೇವವಾದ ದಿನ ಅಷ್ಟಾಗಿ ಇಲ್ಲ.

ಕೋಸಂಬರಿಗೆ ನೂರು ಜನಕ್ಕೆ ಒಂದೂವರೆ ಕಿಲೋ ಹೆಸರುಬೇಳೆ ಸಾಕು, ನೆನೆದ ಮೇಲೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಒಂದೂವರೆ ಕಿಲೋ ಸೌತೆಕಾಯಿ, ಎರಡು ತೆಂಗಿನಕಾಯಿ, ಒಗ್ಗರಣೆ. ಉಪ್ಪನ್ನು ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ದೊನ್ನೆ ಸೋರುತ್ತದೆ. ಬಡಿಸುವ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿಕೊಳ್ಳಬೇಕು. ನೆನೆದ ಬೇಳೆಯೂ ಈ ಸೆಕೆಗೆ ನಾಲ್ಕೈದು ಗಂಟೆಗಿಂತ ಹೆಚ್ಚು ತಡೆಯದು, ಲೋಳೆ ಬಂದರೆ ಎಸೆಯಬೇಕು.

ಲೋಟದ ಮಾತು. 2016ರಲ್ಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆಗಳಿಗೆ ನಿಷೇಧ ಬಂತು. ಅದರ ಜಾಗಕ್ಕೆ ಬಂದ ಕಾಗದದ ಲೋಟದ ಒಳಮೈಗೂ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ, ಒಣ ಎಲೆಯ ಜೊತೆ ಗೊಬ್ಬರವಾಗುವುದಿಲ್ಲ. ಸ್ಟೀಲ್ ಲೋಟ ಐವತ್ತು, ತೊಳೆಯಲು ಎರಡು ಬಕೆಟ್, ಒಂದರಲ್ಲಿ ಹುಣಸೆ ಅಥವಾ ಸೋಪಿನ ನೀರು, ಇನ್ನೊಂದರಲ್ಲಿ ಶುದ್ಧ ನೀರು. ಎರಡನೆಯದನ್ನು ಇಪ್ಪತ್ತು ಲೋಟಕ್ಕೊಮ್ಮೆ ಬದಲಿಸಲು ಒಬ್ಬರನ್ನು ನೇಮಿಸಬೇಕು. ಬೇರೆ ಕೆಲಸದ ನಡುವೆ ಮಾಡುತ್ತೇವೆಂದರೆ ಆಗದ ಕೆಲಸ ಇದು. ಊರಿನಲ್ಲಿ ಸ್ಟೀಲ್ ತಟ್ಟೆ ಲೋಟ ಕೊಟ್ಟು ವಾಪಸು ಪಡೆಯುವ ತಟ್ಟೆ ಬ್ಯಾಂಕುಗಳಿವೆ, ವಾರದ ಮುಂಚೆ ಕೇಳಿಕೊಳ್ಳಬಹುದು. ನಡೆದು ಬರುವವರು ಚೀಲದಲ್ಲಿ ಒಂದು ಲೋಟ ಇಟ್ಟುಕೊಂಡರೆ ಅದಕ್ಕಿಂತ ಸುಲಭವಿಲ್ಲ.

ಕರಗದ ರಾತ್ರಿಯ ಲೆಕ್ಕವೇ ಬೇರೆ. ಚೈತ್ರ ಹುಣ್ಣಿಮೆಯಂದು ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಮಲ್ಲಿಗೆ ಮುಚ್ಚಿದ ಕರಗ ನಡುರಾತ್ರಿ ದಾಟಿದ ಮೇಲೆ ಹೊರಡುತ್ತದೆ. ಪೇಟೆಯ ಬೀದಿಗಳಲ್ಲಿ ಸಂಚರಿಸಿ, ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ, ಬೆಳಗಾಗುವ ಹೊತ್ತಿಗೆ ಗುಡಿಗೆ ಮರಳುತ್ತದೆ. ಆ ಸಮಯಕ್ಕೆ ಮೆಟ್ರೊ ಇಲ್ಲ. ಹತ್ತೂವರೆಯೊಳಗೆ ಬಂದು, ಬೆಳಗಿನ ಮೊದಲ ರೈಲಿಗೆ ಹೋಗುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಬೇಕು. ಮರುದಿನ ಭಾನುವಾರವಾದರೆ ಮೊದಲ ರೈಲು ಇನ್ನೂ ತಡ. ಗುಡಿಯ ಎದುರಿನ ಬೀದಿ ಬಹಳ ಕಿರಿದು. ಮಕ್ಕಳೊಂದಿಗೆ ಬಂದವರು ಅಲ್ಲಿ ನುಗ್ಗದೆ ದಾರಿಯ ಅಗಲವಾದ ರಸ್ತೆಯೊಂದರಲ್ಲಿ, ಅಂಗಡಿಯ ಎತ್ತರದ ಮೆಟ್ಟಿಲ ಮೇಲೆ ಜಾಗ ಹಿಡಿಯಲಿ. ಕರಗ ನಿಂತು ಕಾಯುವುದಿಲ್ಲ, ಓಡುವಷ್ಟು ವೇಗದಲ್ಲಿ ಬರುತ್ತದೆ. ಸುತ್ತ ಕಾವಲಾಗಿ ಬರುವ ವೀರಕುಮಾರರ ಕೈಯಲ್ಲಿರುವುದು ಬರಿಗತ್ತಿ. ‘ಗೋವಿಂದಾ’ ಎಂಬ ಕೂಗು ಹತ್ತಿರವಾದ ಕೂಡಲೇ ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿ ನಿಲ್ಲಬೇಕು. ಫೋಟೊಕ್ಕೆಂದು ದಾರಿಗೆ ಕೈ ಚಾಚುವುದು, ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದು ಖಂಡಿತ ಬೇಡ. ತಲೆಯ ಮೇಲೆ ಕರಗ ಹೊತ್ತು ಕೈಯಿಂದ ಹಿಡಿಯದೆ ನಡೆಯುವವರ ಏಕಾಗ್ರತೆಯ ಮಾತು ಅದು. ಎರಡು ದಿನ ಮುಂಚೆ ಹಸಿ ಕರಗವೂ ಇದೆ. ಅದಕ್ಕೆ ಸಂಪಂಗಿ ಕೆರೆಯ ನಂಟು. ಕೆರೆಯಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣ ನಿಂತಿದೆ, ಉಳಿದಿರುವುದು ಒಂದು ಸಣ್ಣ ಕೊಳ. ನೀರಿಲ್ಲದ ಕೆರೆಯನ್ನು ಒಂದು ಜನಸಮುದಾಯ ವರ್ಷಕ್ಕೊಮ್ಮೆಯಾದರೂ ಮರೆಯದೆ ನೆನೆಯುವುದು ನಮ್ಮ ನಗರದ ದೊಡ್ಡ ಪುಣ್ಯ.

ಮಳೆಗೆ ತಯಾರಾಗದೆ ಏಪ್ರಿಲ್ ಸಂಜೆ ಹೊರಡಬಾರದು. ಬಿಸಿಲು ಏರಿದಷ್ಟೂ ಮೂರು ನಾಲ್ಕು ಗಂಟೆಯ ನಂತರ ಗುಡುಗಿನ ಮೋಡ ಕಟ್ಟುತ್ತದೆ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣತೆ 39.2 ಡಿಗ್ರಿ ಮುಟ್ಟಿತ್ತು. ಮೊದಲ ಗಾಳಿಗೆ ಮುರಿಯುವುದು ಕತ್ತಿಕಾಯಿ (ಗುಲ್‌ಮೊಹರ್) ಮರ, ಕಾಪರ್ ಪಾಡ್ ಮರಗಳ ಕೊಂಬೆ. ಇವುಗಳ ಮರ ಮೆದು, ಬೇರು ಮೇಲ್ಮೈಯಲ್ಲೇ ಹರಡುತ್ತದೆ, ಜೊತೆಗೆ ಕಾಲುದಾರಿಯ ಕಾಂಕ್ರೀಟು ಬುಡವನ್ನು ಬಿಗಿದಿರುತ್ತದೆ. ಗಾಳಿ ಎದ್ದಾಗ ಮರದಡಿ ನಿಲ್ಲದೆ ಅಂಗಡಿಯ ಸೂರು ಹುಡುಕಬೇಕು. ಬಸವನಗುಡಿಯ ದಿಬ್ಬ ನೀರು ಹಂಚುವ ಏಣು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಕಡೆಗೆ, ಪೂರ್ವಕ್ಕೆ ಬಿದ್ದದ್ದು ಲಾಲ್‌ಬಾಗಿನ ಕಡೆಗೆ ಇಳಿಯುತ್ತದೆ. ಹೀಗಾಗಿ ಬುಲ್ ಟೆಂಪಲ್ ರಸ್ತೆಯ ಎತ್ತರದಲ್ಲಿ ನೀರು ನಿಲ್ಲುವುದು ಕಡಿಮೆ, ಇಳಿಜಾರಿನ ಕೊನೆಯ ಅಡ್ಡರಸ್ತೆಗಳಲ್ಲಿ ಹೆಚ್ಚು. ಮಳೆ ನಿಂತ ಮೇಲೆ ಇಪ್ಪತ್ತು ನಿಮಿಷ ಕಾದು ಹೊರಟರೆ ಬಹುತೇಕ ಕಡೆ ದಾರಿ ಸರಾಗ. ಚರಂಡಿಯ ಮೇಲಿನ ಚಪ್ಪಡಿಗಳ ಅಂಚಿನ ಮೇಲೆ ಕಾಲಿಡಬೇಡಿ. ತಳದ ಗಾರೆ ಕಿತ್ತಿದ್ದರೆ ಅಂಚು ತಗ್ಗಿ ಇನ್ನೊಂದು ತುದಿ ಏಳುತ್ತದೆ. ನೀರು ಸುಳಿ ತಿರುಗುವ ಕಡೆ ಕೆಳಗೆ ಬಾಯಿ ತೆರೆದಿದೆ ಎಂದೇ ತಿಳಿಯಬೇಕು. ಒದ್ದೆಯಾದ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್ ಬೇಲಿಗಳನ್ನು ಮುಟ್ಟಲೇಬಾರದು. ರಬ್ಬರ್ ಅಟ್ಟೆಯ, ಹಿಂದೆ ಪಟ್ಟಿ ಇರುವ ಚಪ್ಪಲಿ ಒಳ್ಳೆಯದು. ಹವಾಯಿ ಚಪ್ಪಲಿ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ.

ಮೇ ಬಂತೆಂದರೆ ಮಾವು. ಲಾಲ್‌ಬಾಗಿನ ಮೇಳದಲ್ಲಿ ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೆಳೆಗಾರರೇ ಮಾರುತ್ತಾರೆ, ಹಣ್ಣಿನ ಬಗ್ಗೆ ಕೇಳಿದರೆ ಉತ್ತರ ಸಿಗುತ್ತದೆ. ಮೊದಲು ಒಂದು ಸುತ್ತು ಸುಮ್ಮನೆ ನಡೆದು ನೋಡಿ, ಎರಡನೆಯ ಸುತ್ತಿನಲ್ಲಿ ಕೊಳ್ಳಿ. ತೋಟದ ಸುತ್ತಾಟವೆಲ್ಲ ಮುಗಿದ ಮೇಲೆ ಕೊಂಡರೆ ಹೊರುವ ಶ್ರಮ ಕಡಿಮೆ, ಒಬ್ಬರ ಕೈಗೆ ಮೂರು ಕಿಲೋ ದಾಟಿದರೆ ಮೆಟ್ರೊವರೆಗಿನ ದಾರಿ ಉದ್ದವೆನಿಸುತ್ತದೆ. ಬಾದಾಮಿಯನ್ನು ತೊಟ್ಟಿನ ಬಳಿ ಮೂಸಿ ನೋಡಬೇಕು, ಬಣ್ಣ ನೋಡಿ ತೆಗೆದುಕೊಳ್ಳಬಾರದು. ಮೈಯೆಲ್ಲ ಒಂದೇ ಹಳದಿ, ಪರಿಮಳವಿಲ್ಲ, ಕೊಯ್ದರೆ ಓಟೆಯ ಹತ್ತಿರ ಬಿಳಿಚಿ ಹುಳಿ ಇದ್ದರೆ ಕಾರ್ಬೈಡ್ ಹಾಕಿರುವ ಅನುಮಾನ ಪಡಬೇಕು. ಹಣ್ಣು ಮಾಗಿಸಲು ಅದರ ಬಳಕೆಗೆ ನಿಷೇಧವಿದೆ. ರಸಪುರಿಯ ಕಾಲ ಚಿಕ್ಕದು, ಸೀಕರಣೆಗೆ ಅದರಷ್ಟು ರಸ ಬೇರೆಯದಕ್ಕಿಲ್ಲ. ಮಲ್ಲಿಕಾ ತಡವಾಗಿ, ಜೂನ್‌ನಲ್ಲಿ ಚೆನ್ನ. ತೋತಾಪುರಿಯನ್ನು ಅರೆಗಾಯಿಯಾಗಿ ಉಪ್ಪು ಖಾರ ಹಚ್ಚಿ ತಿನ್ನುವುದೇ ಸೊಗಸು. ಕಾಯಿಯಾಗಿ ತಂದದ್ದನ್ನು ಒಣ ಹುಲ್ಲು ಅಥವಾ ಕಾಗದದಲ್ಲಿ ನಾಲ್ಕೈದು ದಿನ ಅಡೆ ಹಾಕಿ. ಹಣ್ಣಾಗುವ ಮುಂಚೆ ಫ್ರಿಜ್ಜಿಗೆ ಇಟ್ಟರೆ ಸಿಪ್ಪೆ ಕಪ್ಪಾಗಿ ಒಳಗೆ ರುಚಿ ಬರುವುದಿಲ್ಲ. ತಿನ್ನುವ ಮುಂಚೆ ಅರ್ಧ ಗಂಟೆ ನೀರಲ್ಲಿ ನೆನೆಸಿ ತೊಳೆದರೆ ತೊಟ್ಟಿನ ಸೊನೆ ಹೋಗಿ ತುಟಿ ಉರಿಯುವುದಿಲ್ಲ.

ವಯಸ್ಸಾದವರಿಗೆ ಹಿಡಿಸುವ ಒಂದು ಸಂಜೆಯ ದಾರಿ ಹೇಳುತ್ತೇನೆ. ನಾಲ್ಕೂವರೆಗೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನೆರಳಿನ ಅಡ್ಡರಸ್ತೆಗಳಲ್ಲಿ ಕೃಷ್ಣರಾವ್ ಪಾರ್ಕಿಗೆ ಬರುವುದು, ಅಲ್ಲಿ ಅರ್ಧ ಗಂಟೆ ಕೂತು ದಣಿವಾರಿಸಿಕೊಳ್ಳುವುದು. ಪಕ್ಕದ ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರಿಂದ ಇರುವ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿ ಸಾರ್ವಜನಿಕ ಉಪನ್ಯಾಸಗಳು ನಡೆಯುತ್ತವೆ, ಪುಸ್ತಕಾಲಯವೂ ಇದೆ. ಸಂಗೀತ ಬೇಕೆಂದರೆ ಕೆ.ಆರ್. ರಸ್ತೆಯ ಗಾಯನ ಸಮಾಜ, 1905ರ ಸಂಸ್ಥೆ. ಮುಗಿದ ಮೇಲೆ ಗಾಂಧಿ ಬಜಾರಿನಲ್ಲಿ ಹೂವು ಹಣ್ಣು. ಇಷ್ಟನ್ನೂ ಒಂದೇ ಉಸಿರಿಗೆ ನಡೆಯಬೇಕಿಲ್ಲ. ತೊಂದರೆ ಇರುವುದು ಶೌಚಾಲಯದ್ದು. ಹೊರಡುವ ಮುಂಚೆ ನಿಲ್ದಾಣದಲ್ಲೇ ಮುಗಿಸಿಕೊಂಡು, ಮುಂದಿನದು ಸಭಾಂಗಣದಲ್ಲಿ ಎಂದು ಯೋಜಿಸಿಕೊಳ್ಳಬೇಕು. ಶೌಚಾಲಯಕ್ಕೆ ಹೆದರಿ ನೀರು ಕುಡಿಯದೆ ನಡೆಯುವ ಅಮ್ಮಂದಿರು ಬಹಳ. ಈ ಸೆಕೆಯಲ್ಲಿ ಅದು ತಲೆಸುತ್ತಿಗೆ ದಾರಿ. ಬಯಲು ಕಾರ್ಯಕ್ರಮ ಮಾಡುವವರು ಕುಡಿಯುವ ನೀರು ಎಲ್ಲಿದೆ, ಹೆಂಗಸರ ಶೌಚಾಲಯ ಎಲ್ಲಿದೆ ಎಂದು ಬಾಗಿಲಲ್ಲೇ ದೊಡ್ಡಕ್ಷರದ ಕನ್ನಡ ಫಲಕ ಹಾಕಲಿ.

ಮಕ್ಕಳ ಶಿಬಿರಗಳಿಗೂ ಇದೇ ಕೋರಿಕೆ. ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಕಟ್ಟಿದ ಮಕ್ಕಳ ಕೂಟದಂಥ ಜಾಗಗಳು ಇರುವಾಗ ಊರಾಚೆಯ ಶಿಬಿರಕ್ಕೆ ಮಗುವನ್ನು ವ್ಯಾನಿನಲ್ಲಿ ಕಳಿಸಬೇಕಿಲ್ಲ. ಆದರೆ ಹನ್ನೆರಡೂವರೆಗೆ ಮುಗಿಯುವ ಶಿಬಿರದ ಮಗು ನೆತ್ತಿಯ ಬಿಸಿಲಲ್ಲಿ ನಡೆಯಬೇಕಾಗುತ್ತದೆ. ಎಂಟಕ್ಕೆ ಶುರು ಮಾಡಿ ಹನ್ನೊಂದಕ್ಕೆ ಬಿಡುವುದು ಒಳ್ಳೆಯದು.

ಪತ್ರಿಕೆಗೆ ಇದು ದೊಡ್ಡ ಹೊರೆಯಾಗದು. ಸಂಘಟಕರು ಕಳಿಸುವ ಪ್ರಕಟಣೆಯಲ್ಲೇ ಈ ಮೂರು ವಿವರ ಕಡ್ಡಾಯವೆಂದು ನೀವು ಒಮ್ಮೆ ತಿಳಿಸಿದರೆ ಅವರೇ ಬರೆದು ಕಳಿಸುತ್ತಾರೆ. ಅಚ್ಚಿನಲ್ಲಿ ಹೀಗಿದ್ದರೆ ಸಾಕು: ‘ಸಂಜೆ 6.30ರಿಂದ 9.15. ನ್ಯಾಷನಲ್ ಕಾಲೇಜು ಮೆಟ್ರೊದಿಂದ ನಡೆದು 10 ನಿಮಿಷ. ಹಿಂದಿನ ಗೇಟಿನಿಂದ ಪ್ರವೇಶ, ಮೆಟ್ಟಿಲಿಲ್ಲ. ಮಳೆ ಬಂದರೂ ನಡೆಯುತ್ತದೆ.’ ಮುಂದಿನ ಯುಗಾದಿಯ ಪಟ್ಟಿಯಿಂದಲೇ ಶುರು ಮಾಡಬೇಕೆಂದು ವಿನಂತಿ.

— ಬಸವನಗುಡಿಯ ಓದುಗ, ಬೆಂಗಳೂರು